ಅರಬ್ ಆರ್‌ಎ ರೋಗಿಗಳು ಔಷಧಿ ಬಿಡದೆ ತೆಗೆದುಕೊಳ್ಳುತ್ತಿದ್ದಾರಾ? ಅಳೆಯುವುದು ಹೇಗೆ?

ಕುಂದಾಪ್ರ_ಕುವೈತ್

ಎಲ್ಲರಿಗೂ ನಮಸ್ಕಾರ. ನಾನು ಕುವೈತ್‌ನಲ್ಲಿ ಫಾರ್ಮಸಿಸ್ಟ್, ಕೀಲುರೋಗದ ಕ್ಲಿನಿಕ್‌ನಲ್ಲಿ ಕೆಲಸ. ನಮ್ಮಲ್ಲಿ ಬರುವವರು ಬಹುಪಾಲು ಅರಬಿಕ್ ಮಾತಾಡುವವರು. ಕುವೈತಿಗಳು, ಈಜಿಪ್ಟಿನವರು, ಸಿರಿಯಾದವರು, ಒಂದಷ್ಟು ಸುಡಾನಿನವರು.

ವಿಷಯ ಏನೆಂದರೆ, ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ, ಕೀಲು ಊದಿ ನೋಯುವ ದೀರ್ಘಕಾಲದ ರೋಗ) ಇರುವ ಒಬ್ಬ ಹೆಂಗಸು ಬರುತ್ತಾರೆ ಅಂದುಕೊಳ್ಳಿ. ಬೆರಳ ಗೆಣ್ಣು ಊದಿಕೊಂಡಿದೆ, ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಡಿಎಎಸ್28 (28 ಕೀಲು ನೋಡಿ ರೋಗದ ಜೋರು ಅಳೆಯುವ ಅಂಕ) ಲೆಕ್ಕ ಹಾಕಿದರೆ 5.1 ದಾಟಿದೆ, ಅಂದರೆ ರೋಗ ಜೋರಾಗಿದೆ. ಡಾಕ್ಟರು ಮೆಥೊಟ್ರೆಕ್ಸೇಟ್ ಡೋಸ್ ಏರಿಸುತ್ತಾರೆ, ಇಲ್ಲವೇ ಬಯೋಲಾಜಿಕ್ (ಜೀವಕೋಶಗಳಲ್ಲಿ ತಯಾರಿಸಿದ ಔಷಧಿ) ಇಂಜೆಕ್ಷನ್ ಬರೆಯುತ್ತಾರೆ. ಆದರೆ ಹಳೆಯ ಡೋಸ್ ಹೊಟ್ಟೆಗೆ ಹೋಗಿತ್ತಾ? "ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" "ಹೌದು." ಅಲ್ಲಿಗೆ ಮುಗಿಯಿತು. ಔಷಧಿ ಕೆಲಸ ಮಾಡಲಿಲ್ಲವೋ, ಔಷಧಿ ಒಳಗೇ ಹೋಗಲಿಲ್ಲವೋ ಅಂತ ಗೊತ್ತಿಲ್ಲದೆ ಮುಂದಿನ ಔಷಧಿಗೆ ಹೋಗುವುದು ನನಗೆ ಸರಿ ಕಾಣುತ್ತಿಲ್ಲ.

ಅದಕ್ಕೇ ನಮ್ಮ ಕ್ಲಿನಿಕ್‌ನಲ್ಲಿ ಸರಿಯಾಗಿ ಅಳೆಯಬೇಕು ಅಂತ ಹೊರಟಿದ್ದೇನೆ. ಎಲ್ಲರೂ ಬಳಸುವ ಮೊರಿಸ್ಕಿಯ 8 ಪ್ರಶ್ನೆಗಳ ಪಟ್ಟಿ, ಎಂಎಂಎಎಸ್-8, ಅರಬಿಕ್‌ನಲ್ಲೂ ಇದೆ. ಅದನ್ನೇ ಹಿಡಿಯಲಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಲೆಕ್ಕದ_ಮೇಷ್ಟ್ರು

ಮೊದಲು ಲೈಸೆನ್ಸ್ ವಿಷಯ ನೋಡಿಕೊಳ್ಳಿ ಸರ್. ಎಂಎಂಎಎಸ್-8 ಬಿಟ್ಟಿ ಪಟ್ಟಿ ಅಲ್ಲ. ಅನುಮತಿ ಇಲ್ಲದೆ ಬಳಸಿದವರಿಗೆ ದೊಡ್ಡ ಮೊತ್ತದ ಬೇಡಿಕೆ ಹೋಗಿದೆ, ಆ ಜಗಳದಲ್ಲಿ ಪ್ರಕಟವಾದ ಪ್ರಬಂಧಗಳನ್ನು ವಾಪಸ್ ತೆಗೆದುಕೊಂಡದ್ದೂ ಇದೆ. ಇಷ್ಟು ದಿನ ದುಡಿದು ಬರೆದದ್ದು ಹಾಗೆ ಹೋಗಬಾರದು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಪಟ್ಟಿ ಹುಟ್ಟಿದ್ದು ಬಿಪಿ ರೋಗಿಗಳಿಗಾಗಿ, ದಿನಾ ಮಾತ್ರೆ ನುಂಗುವವರಿಗಾಗಿ. ನಿನ್ನೆ ಎಲ್ಲ ಮಾತ್ರೆ ತೆಗೆದುಕೊಂಡಿರಾ ಅಂತ ಒಂದು ಪ್ರಶ್ನೆ ಇದೆ. ಆರ್‌ಎ ರೋಗಿಯ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಶುಕ್ರವಾರ ತೆಗೆದುಕೊಳ್ಳುವವರನ್ನು ನೀವು ಬುಧವಾರ ಕೇಳಿದರೆ "ಇಲ್ಲ" ಅನ್ನಬೇಕು, ಅದೇ ನಿಜ. ಆ ನಿಜಕ್ಕೆ ಅಂಕ ಕಳೆಯುತ್ತೀರಿ. "ಹೌದು" ಅಂದರೆ ಇನ್ನೂ ಗಾಬರಿ, ದಿನಾ ನುಂಗುತ್ತಿದ್ದಾರಾ ಅಂತ ತಕ್ಷಣ ನೋಡಬೇಕು. ವಾರದ ಡೋಸನ್ನು ದಿನಾ ತೆಗೆದುಕೊಂಡು ರಕ್ತಕಣ ಕುಸಿದು ಸತ್ತವರಿದ್ದಾರೆ.

ರಿಯಾದ್_ಸಿಸ್ಟರ್

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಉಡುಪಿಯವಳು, ರಿಯಾದ್‌ನಲ್ಲಿ ಇನ್‌ಫ್ಯೂಷನ್ ವಾರ್ಡ್‌ನಲ್ಲಿದ್ದೇನೆ. ನಮ್ಮ ರೋಗಿಗಳ ಔಷಧಿ ಚೀಲ ನೋಡಿದರೆ ಒಂದು ಪ್ರಶ್ನೆಯಲ್ಲಿ ಮುಗಿಯುವ ಮಾತಲ್ಲ ಅಂತ ಗೊತ್ತಾಗುತ್ತದೆ ಮಾರಾಯ್ರೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಫೋಲಿಕ್ ಆಸಿಡ್ ಬೇರೆ ದಿನ, ಹೈಡ್ರಾಕ್ಸಿಕ್ಲೋರೊಕ್ವಿನ್ ದಿನಾ, ಸಲ್ಫಸಲಜಿನ್ ದಿನಕ್ಕೆರಡು ಸಲ, ಅಡಾಲಿಮುಮಾಬ್ ಎರಡು ವಾರಕ್ಕೊಮ್ಮೆ. ಇನ್‌ಫ್ಲಿಕ್ಸಿಮಾಬ್ ಆದರೆ ಎಂಟು ವಾರಕ್ಕೊಮ್ಮೆ ನಮ್ಮ ಹತ್ತಿರವೇ ಬರಬೇಕು. ಇಷ್ಟನ್ನೂ ಸೇರಿಸಿ "ನಿಮ್ಮ ಔಷಧಿ" ಅಂತ ಕೇಳಿದರೆ ಅವರು ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಟ್ಟರು? ಬಹಳ ಜನ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ನೆನಪಿಟ್ಟುಕೊಂಡು ಹೇಳುತ್ತಾರೆ, ಯಾಕೆಂದರೆ ಅದು ಬೇಗ ನೋವು ಇಳಿಸುತ್ತದೆ, ಅದನ್ನು ಬಿಡುವುದೇ ಇಲ್ಲ.

ಇನ್ನೊಂದು, ಉತ್ತರ ಕೊಡುವವರು ಯಾರು? ವಯಸ್ಸಾದ ತಾಯಿ ಕುರ್ಚಿಯಲ್ಲಿ, ಪಕ್ಕದಲ್ಲಿ ಮಗ. ನಾನು ಕೇಳುವುದು ತಾಯಿಯನ್ನು, ಉತ್ತರ ಬರುವುದು ಮಗನಿಂದ. ಮನೆಯಲ್ಲಿ ಡಬ್ಬಿಗೆ ಮಾತ್ರೆ ತುಂಬಿಡುವವಳು ಮಗಳೋ ಮನೆಗೆಲಸದವಳೋ ಆಗಿರುತ್ತಾಳೆ, ಅವಳು ಆಸ್ಪತ್ರೆಗೆ ಬಂದೇ ಇರುವುದಿಲ್ಲ.

ಕುಂದಾಪ್ರ_ಕುವೈತ್

ಅಕ್ಕ, ಇದು ತುಂಬಾ ಉಪಯೋಗದ ಮಾತು. ಪ್ರತಿ ಔಷಧಿಗೂ ಬೇರೆ ಸಾಲು ಇಡಬೇಕು ಅಂತಾಯಿತು.

ಎಂಎಂಎಎಸ್ ಬಿಟ್ಟರೆ ನನ್ನ ಮುಂದೆ ಇಂಥವೇ ಎರಡು ಪಟ್ಟಿ ಇವೆ. ಒಂದು ಸಿಕ್ಯುಆರ್. ನೆದರ್ಲೆಂಡ್ಸ್‌ನಲ್ಲಿ 1999ರಲ್ಲಿ ಕೀಲುರೋಗದವರಿಗಾಗಿಯೇ ಮಾಡಿದ್ದು, 19 ಹೇಳಿಕೆಗಳು, ಒಪ್ಪುತ್ತೀರಾ ಇಲ್ಲವಾ ಅಂತ 1ರಿಂದ 4 ಅಂಕ. ಇನ್ನೊಂದು ಜಿಎಂಎಎಸ್, 11 ಪ್ರಶ್ನೆ, ಒಟ್ಟು 33 ಅಂಕ. ಇದು ಪಾಕಿಸ್ತಾನದಲ್ಲಿ ಉರ್ದುವಿನಲ್ಲಿ ಹುಟ್ಟಿ, ಆಮೇಲೆ ಅರಬಿಕ್‌ಗೆ ಬಂದು ಸೌದಿಯ ದೀರ್ಘಕಾಲದ ರೋಗಿಗಳಲ್ಲಿ ಪರೀಕ್ಷೆಯಾಗಿದೆ. ಇದರಲ್ಲಿ ದುಡ್ಡಿನ ಬಗ್ಗೆ ಎರಡು ಪ್ರಶ್ನೆ ಇರುವುದು ನನಗೆ ಇಷ್ಟವಾಯಿತು. ಇಲ್ಲಿ ಕುವೈತಿಗಳಿಗೆ ಔಷಧಿ ಉಚಿತ. ಹೊರಗಿನವರಿಗೆ 2017ರಲ್ಲಿ ಆಸ್ಪತ್ರೆ ಶುಲ್ಕ ಏರಿತು, 2022ರ ಕೊನೆಗೆ ಔಷಧಿಗೂ ಬೇರೆ ಶುಲ್ಕ ಬಂತು. ಒಂದೇ ಕ್ಲಿನಿಕ್, ಒಂದೇ ಭಾಷೆ, ಒಂದೇ ರೋಗ, ಆದರೆ ಮಾತ್ರೆ ಬಿಡಲು ಕಾರಣ ಬೇರೆ ಬೇರೆ. ಸಿಕ್ಯುಆರ್‌ನಲ್ಲಿ ದುಡ್ಡಿನ ಮಾತೇ ಇಲ್ಲ.

ಲೆಕ್ಕದ_ಮೇಷ್ಟ್ರು

ಸಿಕ್ಯುಆರ್ ಹಿಡಿಯುವುದಾದರೆ ಅಂಕ ಹಾಕುವಾಗ ಎಚ್ಚರ. 19ರಲ್ಲಿ 6 ಹೇಳಿಕೆಗಳು ಉಲ್ಟಾ. ಔಷಧಿ ಒಗ್ಗದಿದ್ದರೆ ಬಿಟ್ಟೇಬಿಡುತ್ತೇನೆ, ಬೇರೆ ಚಿಕಿತ್ಸೆ ಸಿಕ್ಕರೆ ಅದೇ ಮೇಲು, ರಜೆಯಲ್ಲಿ ಹೋದಾಗ ಬಿಟ್ಟುಹೋಗುತ್ತದೆ, ಈ ತರದವು. ಅವುಗಳ ಅಂಕ ತಿರುಗಿಸಿ ಕೂಡಬೇಕು. ಕೂಡಿದ ಮೊತ್ತದಿಂದ 19 ಕಳೆದು 0.57ರಿಂದ ಭಾಗಿಸಿದರೆ 0ರಿಂದ 100ರ ಒಳಗೆ ಅಂಕ ಬರುತ್ತದೆ.

ಈಗ ಒಂದು ಲೆಕ್ಕ ನೋಡಿ. ನಿಮ್ಮ ರೋಗಿ ತುಂಬಾ ಮರ್ಯಾದಸ್ಥೆ. ಡಾಕ್ಟರ ಕಡೆಯವರು ಕೇಳುತ್ತಿದ್ದಾರೆ ಅಂತ ಹತ್ತೊಂಬತ್ತಕ್ಕೂ "ಪೂರ್ತಿ ಒಪ್ಪುತ್ತೇನೆ" ಅನ್ನುತ್ತಾರೆ. ನೇರ ಹೇಳಿಕೆಗಳು 13, ತಲಾ 4, ಅಂದರೆ 52. ಉಲ್ಟಾ 6, ತಿರುಗಿಸಿದ ಮೇಲೆ ತಲಾ 1, ಅಂದರೆ 6. ಮೊತ್ತ 58. ಅಂಕ 68. ನೀವು 80 ಅಂತ ಗೆರೆ ಹಾಕಿಕೊಂಡಿದ್ದರೆ ಇವರು ಔಷಧಿ ಬಿಟ್ಟವರ ಪಟ್ಟಿಗೆ ಬಿದ್ದರು. ಅವರು ಮಾತ್ರೆ ಬಿಟ್ಟಿದ್ದಾರೆ ಅಂತ ಎಲ್ಲೂ ಹೇಳಿಲ್ಲ, ಎಲ್ಲದಕ್ಕೂ ಹೂಂ ಅಂದಿದ್ದಾರೆ ಅಷ್ಟೇ. ಇನ್ನು ಒಂದು ಮಾತ್ರೆಯನ್ನೂ ಬಿಡದ ರೋಗಿಗೆ ನೀವು ಅಂಕ ತಿರುಗಿಸುವುದನ್ನೇ ಮರೆತರೆ ಅವರಿಗೂ ಬರುವುದು ಇದೇ 68!

ಆ 80ರ ಗೆರೆ ಬಗ್ಗೆ ಕೂಡ ಒಂದು ಮಾತು. ಸಿಕ್ಯುಆರ್ ಮಾಡಿದವರು 2003ರಲ್ಲಿ ಅದನ್ನು ಎಲೆಕ್ಟ್ರಾನಿಕ್ ಮುಚ್ಚಳದ ಎದುರು ಇಟ್ಟು ನೋಡಿದರು. ಬಾಟಲಿ ಮುಚ್ಚಳ ತೆಗೆದಾಗಲೆಲ್ಲ ಸಮಯ ದಾಖಲಾಗುವ ಸಾಧನ ಅದು. ಡೋಸ್‌ಗಳಲ್ಲಿ ಶೇಕಡಾ 80 ಅಥವಾ ಕಡಿಮೆ ತೆಗೆದುಕೊಂಡವರನ್ನು ಪಟ್ಟಿ ಹಿಡಿಯುತ್ತದಾ ಅಂತ ಪರೀಕ್ಷೆ. ಸರಿಯಾಗಿ ತೆಗೆದುಕೊಂಡವರನ್ನು ಶೇಕಡಾ 95ರಷ್ಟು ಸರಿಯಾಗಿ ಗುರುತಿಸಿತು, ಬಿಟ್ಟವರಲ್ಲಿ ಹಿಡಿದದ್ದು ಶೇಕಡಾ 62. ಅಂದರೆ ನೂರು ಜನ ಬಿಟ್ಟಿದ್ದರೆ 38 ಜನ ಕೈತಪ್ಪಿ ಹೋಗುತ್ತಾರೆ. ಅದೂ ಪ್ರತಿ ಹೇಳಿಕೆಗೆ ಬೇರೆ ತೂಕ ಕೊಟ್ಟು ಲೆಕ್ಕ ಹಾಕಿದಾಗ. ಈಗ ಜನ ಸುಮ್ನೆ ಕೂಡಿ, 80 ಅಂಕಕ್ಕೆ ಗೆರೆ ಹಾಕುತ್ತಾರೆ. ಡೋಸ್‌ನ ಶೇಕಡಾ 80 ಬೇರೆ, ಪ್ರಶ್ನಾವಳಿಯ 80 ಅಂಕ ಬೇರೆ. ಎರಡೂ ಒಂದೇ ಅಂಕಿ ಅನ್ನುವುದು ಬಿಟ್ಟರೆ ಸಂಬಂಧ ಇಲ್ಲ.

ಹುಬ್ಬಳ್ಳಿ_ಅಕ್ಕ

ನಾನು ವೈದ್ಯಕೀಯದವಳಲ್ಲ. ನನಗೇ ಆರ್‌ಎ ಇದೆ, ಶಾಲಾ ಟೀಚರ್. ಅರಬ್ ದೇಶ ನೋಡಿಲ್ಲ, ಆದರೆ ರೋಗ ಒಂದೇ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಮಾತ್ರೆ ಬಿಡುವುದು ಅಂದರೆ ಎಲ್ಲರೂ ಮರೆವು ಅಂದುಕೊಳ್ಳುತ್ತಾರೆ. ಮೆಥೊಟ್ರೆಕ್ಸೇಟ್ ಯಾರೂ ಮರೆಯುವುದಿಲ್ಲ. ಆ ದಿನ ಬಂತು ಅಂದರೆ ಬೆಳಿಗ್ಗೆಯಿಂದಲೇ ಹೊಟ್ಟೆ ತೊಳಸುತ್ತದೆ, ಇನ್ನೂ ನುಂಗಿಯೇ ಇರುವುದಿಲ್ಲ. ಆ ಹಳದಿ ಮಾತ್ರೆ ನೋಡಿದರೆ ಸಾಕು. ಮಾರನೇ ದಿನ ತಲೆ ಭಾರ, ಊಟ ಬೇಡ. ಮನೆಯಲ್ಲಿ ಮದುವೆ, ಶಾಲೆಯಲ್ಲಿ ಪರೀಕ್ಷೆ ಅಂತಿದ್ದರೆ ಈ ವಾರ ಬೇಡ ಅನ್ನಿಸುತ್ತದೆ. ಇದು ಬೇಕಂತಲೇ ಬಿಟ್ಟದ್ದು. ಇದರ ಜೊತೆ ಲಿವರ್ ಹಾಳಾಗುತ್ತದೆ ಅನ್ನುವ ಭಯ. ಅದರ ಮೇಲೆ, ಔಷಧಿ ಹಿಡಿಯುವುದಕ್ಕೇ ಒಂದೂವರೆ ಎರಡು ತಿಂಗಳು ಬೇಕು, ಅಲ್ಲಿಯವರೆಗೆ ವಾಂತಿ ಮಾತ್ರ ಲಾಭ. ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಜಾಗ ಇದೆಯಾ? ಮರೆತವರಿಗೂ ಹೆದರಿದವರಿಗೂ ಒಂದೇ ಅಂಕ ಕೊಟ್ಟರೆ ಆಮೇಲೆ ಏನು ಮಾಡುತ್ತೀರಿ? ಹೆದರಿದವರಿಗೆ ಮೊಬೈಲ್ ಅಲಾರಂ ಇಡಿ ಅನ್ನುತ್ತೀರಾ?

ಡಾ_ಕೀಲು_ಮೈಸೂರು

ಅಕ್ಕ, ನೀವು ಬರೆದದ್ದು ನಮ್ಮ ಪಠ್ಯಪುಸ್ತಕಗಳಿಗಿಂತ ಚೆನ್ನಾಗಿದೆ. ಭಯ ಅಳೆಯಲು ಬೇರೆಯೇ ಪಟ್ಟಿ ಇದೆ, ಬಿಎಂಕ್ಯು, 1999ರಲ್ಲಿ ಬ್ರಿಟನ್‌ನಲ್ಲಿ ಮಾಡಿದ್ದು. ಔಷಧಿ ನನಗೆ ಎಷ್ಟು ಅಗತ್ಯ ಅನ್ನಿಸುತ್ತದೆ, ಎಷ್ಟು ಆತಂಕ ಕೊಡುತ್ತದೆ, ಎರಡನ್ನೂ ಬೇರೆ ಬೇರೆ ಕೇಳುತ್ತದೆ. ಅಗತ್ಯಕ್ಕಿಂತ ಆತಂಕ ಮೇಲಾದವರು ಔಷಧಿ ಬಿಡುವ ಸಾಧ್ಯತೆ ಜಾಸ್ತಿ. ಅರಬಿಕ್‌ನಲ್ಲೂ ಬಳಸುತ್ತಾರೆ. ಔಷಧಿ ತೆಗೆದುಕೊಳ್ಳುವ ಪಟ್ಟಿಯ ಜೊತೆಗೆ ಇದನ್ನೂ ಕೊಡಿ.

ಹೆಣ್ಣುಮಕ್ಕಳಲ್ಲಿ ಇನ್ನೊಂದು ಕಾರಣ ಇದೆ. ಆರ್‌ಎ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಬಹಳ ಜನರಿಗೆ ಮಗು ಆಗಬೇಕಾದ ವಯಸ್ಸಿನಲ್ಲೇ ಬರುತ್ತದೆ. ಮೆಥೊಟ್ರೆಕ್ಸೇಟ್ ಗರ್ಭಿಣಿಗೆ ಕೊಡುವಂತಿಲ್ಲ, ಮೊದಲೇ ನಿಲ್ಲಿಸಬೇಕು. ಮಗು ಬೇಕು ಅಂತ ಯಾರಿಗೂ ಹೇಳದೆ ತಾವೇ ನಿಲ್ಲಿಸುತ್ತಾರೆ. ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂತಿದ್ದರೆ ಯಾವ ಪ್ರಶ್ನಾವಳಿಯಲ್ಲೂ ಇದು ಹೊರಬರುವುದಿಲ್ಲ.

ಬೆಂಗಳೂರು_ದುಭಾಷಿ

ನಾನು ಭಟ್ಕಳದವನು, ಬೆಂಗಳೂರಿಗೆ ಚಿಕಿತ್ಸೆಗೆ ಬರುವ ಒಮಾನ್, ಯೆಮನ್, ಇರಾಕ್ ಜನರಿಗೆ ದುಭಾಷಿ. ನನ್ನ ಅನುಭವ ಹೇಳುತ್ತೇನೆ. ಅರಬಿಕ್ ಪ್ರಶ್ನಾವಳಿ ಅಂದರೆ ಪುಸ್ತಕದ ಅರಬಿಕ್. ಮೊರಾಕೊದವರು, ಇರಾಕಿನವರು, ಈಜಿಪ್ಟಿನವರು ಮನೆಯಲ್ಲಿ ಮಾತಾಡುವುದು ಬೇರೆ ಬೇರೆ ತರ. ಓದಿದವರಿಗೆ ಪುಸ್ತಕದ ಅರಬಿಕ್ ತೊಂದರೆಯಿಲ್ಲ. ಶಾಲೆಗೆ ಹೋಗದ ಯೆಮನ್ ಹಳ್ಳಿಯ ಅಜ್ಜಿಗೆ ಕಾಗದ ಕೊಟ್ಟರೆ ನಾನೇ ಓದಿ ಹೇಳಬೇಕು, ನನ್ನ ಮಾತಿನಲ್ಲೇ ಹೇಳುತ್ತೇನೆ, ಅಲ್ಲಿಗೆ ಆ ಪಟ್ಟಿ ಬದಲಾದಂತೆಯೇ. ಇನ್ನೊಬ್ಬ ದುಭಾಷಿ ಇನ್ನೊಂದು ತರ ಹೇಳುತ್ತಾನೆ.

ಮತ್ತೆ ಅರಬಿಕ್ ಬಲದಿಂದ ಎಡಕ್ಕೆ. 1ರಿಂದ 4ರ ಚೌಕಗಳನ್ನು ಯಾವ ಕಡೆಯಿಂದ ಶುರು ಮಾಡಿ ಅಚ್ಚು ಹಾಕಿದ್ದೀರಿ ಅಂತ ಮೊದಲು ನೋಡಿ. ನೋವಿಗೆ ಗೆರೆ ಮೇಲೆ ಗುರುತು ಹಾಕಿಸುವ ಹಾಳೆಗಳಲ್ಲಿ ಸೊನ್ನೆ ಎಡಕ್ಕಿದ್ದು, ರೋಗಿ ಬಲದಿಂದ ಓದಿ, ತೀರಾ ಉಲ್ಟಾ ಜಾಗದಲ್ಲಿ ಗುರುತು ಹಾಕಿದ್ದನ್ನು ನಾನೇ ನೋಡಿದ್ದೇನೆ.

ಇಲ್ಲಿಂದ ತಿಂಗಳುಗಟ್ಟಲೆಗೆ ಔಷಧಿ ಕಟ್ಟಿಸಿಕೊಂಡು ಹೋಗುತ್ತಾರೆ. ಊರಲ್ಲಿ ಮುಗಿದ ಮೇಲೆ ಅದೇ ಹೆಸರಿನ ಪೆಟ್ಟಿಗೆ ಸಿಗುವುದಿಲ್ಲ, ಬೇರೆ ಕಂಪನಿಯದ್ದು ಬೇರೆ ಔಷಧಿ ಅಂದುಕೊಂಡು ನಿಲ್ಲಿಸುತ್ತಾರೆ.

ಲೆಕ್ಕದ_ಮೇಷ್ಟ್ರು

ದುಭಾಷಿಗಳ ಮಾತು ಮುಖ್ಯ. ಎರಡು ಜನ ಬೇರೆ ಬೇರೆಯಾಗಿ ಅನುವಾದ ಮಾಡಿ, ಮೂಲ ನೋಡದ ಇನ್ನಿಬ್ಬರು ವಾಪಸ್ ಇಂಗ್ಲಿಷಿಗೆ ತಂದು, ಕೂತು ಹೋಲಿಸಿ, ಆಮೇಲೆ ರೋಗಿಗಳ ಮುಂದೆ ಇಟ್ಟು ಅರ್ಥವಾಯಿತಾ ಕೇಳುವುದು ಎಲ್ಲರೂ ಮಾಡುವ ಕ್ರಮ. ಈ ಕೊನೆಯ ಹೆಜ್ಜೆಯನ್ನೇ ಬೇಗ ಬೇಗ ಮುಗಿಸುತ್ತಾರೆ. ಓದಲು ಬಾರದವರನ್ನು ಸೇರಿಸಿಕೊಳ್ಳಿ, ಗಟ್ಟಿಯಾಗಿ ಓದಿಸಿ, ಅವರು ಏನು ಅರ್ಥಮಾಡಿಕೊಂಡರು ಅಂತ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಲ್ಫಾ (ಪಟ್ಟಿಯ ಒಳಹೊಂದಾಣಿಕೆ ತೋರಿಸುವ ಅಂಕಿ) 0.7 ದಾಟಿತು ಅಂತ ಖುಷಿಪಟ್ಟು ನಿಲ್ಲಬೇಡಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಅಂತ ಅಷ್ಟೇ ಅದರ ಅರ್ಥ, ಮಾತ್ರೆ ಹೊಟ್ಟೆಗೆ ಹೋಯಿತು ಅಂತ ಅಲ್ಲ. ಉಲ್ಟಾ ಹೇಳಿಕೆಗಳಿಲ್ಲದ ಪಟ್ಟಿಯಲ್ಲಿ ಎಲ್ಲದಕ್ಕೂ ಒಂದೇ ತರ ಉತ್ತರಿಸುವವರು ಜಾಸ್ತಿಯಾದರೆ ಆಲ್ಫಾ ಇನ್ನೂ ಮೇಲೆ ಹೋಗಬಹುದು.

ಮಂಗ್ಳೂರ್_ಹುಡುಗ

ಇಷ್ಟೆಲ್ಲ ಯಾಕೆ? ಫಾರ್ಮಸಿ ಕಂಪ್ಯೂಟರಿನಲ್ಲಿ ಯಾರು ಯಾವಾಗ ಔಷಧಿ ತೆಗೆದುಕೊಂಡು ಹೋದರು ಅಂತ ಇರುತ್ತದಲ್ಲ. ಅದನ್ನೇ ನೋಡಿ. ಜನ ಸುಳ್ಳು ಹೇಳಬಹುದು, ಕಂಪ್ಯೂಟರ್ ಹೇಳುವುದಿಲ್ಲ.

ಕುಂದಾಪ್ರ_ಕುವೈತ್

ಅದನ್ನು ಖಂಡಿತ ನೋಡುತ್ತೇನೆ ತಮ್ಮಾ, ಆದರೆ ಅದು ಮಾತ್ರ ಸಾಕಾಗುವುದಿಲ್ಲ. 90 ದಿನದ ಔಷಧಿ ಕೊಟ್ಟೆವು, ರೋಗಿ 120ನೇ ದಿನ ಬಂದರು, ಅಂದರೆ ಶೇಕಡಾ 75. ಕಂಪ್ಯೂಟರ್ ಪ್ರಕಾರ ಅವರು ತಪ್ಪಿದರು. ಆದರೆ ಈಜಿಪ್ಟಿನವರು ಬೇಸಿಗೆ ರಜೆಗೆ ಕೈರೋಗೆ ಹೋದಾಗ ಅಲ್ಲೇ ಕಡಿಮೆ ಬೆಲೆಗೆ ಕೊಂಡು ತರುತ್ತಾರೆ, ಅಣ್ಣನ ಹತ್ತಿರ ತರಿಸುತ್ತಾರೆ. ನಮ್ಮ ಕಂಪ್ಯೂಟರಿಗೆ ಅದು ಕಾಣುವುದಿಲ್ಲ. ಇದರ ಉಲ್ಟಾ ಕೂಡ ಇದೆ. ಉಚಿತ ಅಂತ ಪ್ರತಿ ಸಲ ತಪ್ಪದೆ ಒಯ್ಯುವವರ ಮನೆಯಲ್ಲಿ ಫ್ರಿಜ್ ತುಂಬ ತೆರೆಯದ ಇಂಜೆಕ್ಷನ್ ಪೆನ್ ಇರುತ್ತದೆ. ಒಬ್ಬರು ಅಮ್ಮ ತೀರಿಕೊಂಡ ಮೇಲೆ ವಾಪಸ್ ತಂದುಕೊಟ್ಟ ಚೀಲ ನೋಡಿ ನನಗೆ ಮಾತೇ ಹೊರಡಲಿಲ್ಲ. ಪೆಟ್ಟಿಗೆಗಳ ಮೇಲೆ ನಮ್ಮದೇ ಲೇಬಲ್, ನಮ್ಮದೇ ತಾರೀಕು, ಒಂದರ ಸೀಲೂ ಒಡೆದಿರಲಿಲ್ಲ. ದಾಖಲೆಯಲ್ಲಿ ಅವರದ್ದು ಶೇಕಡಾ ನೂರು.

ರಿಯಾದ್_ಸಿಸ್ಟರ್

ಇನ್ನು ರಂಜಾನ್ ಬಗ್ಗೆ ಯಾರೂ ಹೇಳಲಿಲ್ಲ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ, ಆದರೂ ಆರ್‌ಎ ಇರುವ ಬಹಳ ಜನ ಉಪವಾಸ ಬಿಡುವುದಿಲ್ಲ, ಅವರಿಗೆ ಅದು ಅಷ್ಟು ಮುಖ್ಯ. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟನ್ನು ಇಫ್ತಾರ್ ಆದ ಮೇಲೆ ರಾತ್ರಿ ತೆಗೆದುಕೊಳ್ಳಬಹುದು, ತೊಂದರೆಯಿಲ್ಲ. ದಿನಕ್ಕೆರಡು ಸಲದ್ದು ಇಫ್ತಾರ್ (ಸಂಜೆ ಉಪವಾಸ ಬಿಡುವ ಊಟ) ಮತ್ತು ಸಹರಿಗೆ (ನಸುಕಿನ ಊಟ) ಹಂಚಿಕೊಳ್ಳಬೇಕು, ಬೇಸಿಗೆಯ ಸಣ್ಣ ರಾತ್ರಿಯಲ್ಲಿ ಎರಡರ ನಡುವೆ ಅಂತರವೇ ಸಿಗುವುದಿಲ್ಲ. ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್‌ನಿಂದ ಉಪವಾಸ ಮುರಿಯುವುದಿಲ್ಲ ಅಂತ ಬಹಳ ವಿದ್ವಾಂಸರು ಹೇಳಿದ್ದಾರೆ, ಆದರೂ ಮನಸ್ಸಿಗೆ ಸಮಾಧಾನ ಇಲ್ಲದವರು ಮುಂದಕ್ಕೆ ಹಾಕುತ್ತಾರೆ. ನಾವು ಮೊದಲೇ ಕೂರಿಸಿ ಸಮಯ ಬರೆದುಕೊಟ್ಟರೆ ಬಿಡುವುದು ಎಷ್ಟೋ ಕಡಿಮೆ.

ಆದ್ದರಿಂದ ಪ್ರಶ್ನಾವಳಿಯನ್ನು ಯಾವ ತಿಂಗಳಲ್ಲಿ ಕೊಟ್ಟಿರಿ ಅಂತ ಬರೆಯಲೇಬೇಕು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ಹೋದ ವರ್ಷ ಇದೇ ತಾರೀಕಿಗೆ ಹೀಗಿತ್ತು ಅಂತ ಹೋಲಿಸಲು ಆಗುವುದಿಲ್ಲ.

ಲೆಕ್ಕದ_ಮೇಷ್ಟ್ರು

ಸಿಸ್ಟರ್, ಇದು ನನಗೆ ಹೊಳೆದಿರಲೇ ಇಲ್ಲ, ಥ್ಯಾಂಕ್ಸ್. ಎರಡು ವಾರ ಬಿಟ್ಟು ಮತ್ತೆ ಅದೇ ಪಟ್ಟಿ ಕೊಟ್ಟು ಉತ್ತರ ಒಂದೇ ಬರುತ್ತದಾ ನೋಡುವ ಪರೀಕ್ಷೆ ಇದೆಯಲ್ಲ, ಮೊದಲನೆಯದು ರಂಜಾನ್ ಮುಂಚೆ, ಎರಡನೆಯದು ರಂಜಾನ್ ಒಳಗೆ ಬಿದ್ದರೆ ಪಟ್ಟಿಯೇ ಸರಿಯಿಲ್ಲ ಅಂತ ಕಾಣುತ್ತದೆ. ಬದಲಾದದ್ದು ರೋಗಿಯ ದಿನಚರಿ.

ಡಾ_ಕೀಲು_ಮೈಸೂರು

ಔಷಧಿಯೇ ಸಿಗದವರ ಮಾತೂ ಆಗಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೆಲಸ ಮಾಡುತ್ತದೆ ಅಂತ ಸುದ್ದಿ ಹಬ್ಬಿ ಅಂಗಡಿಗಳು ಖಾಲಿಯಾದವು, ನಮ್ಮ ದೇಶ ರಫ್ತು ನಿಲ್ಲಿಸಿ ಏಪ್ರಿಲ್‌ನಲ್ಲಿ ಸಡಿಲಿಸಿತು. ವರ್ಷಗಟ್ಟಲೆ ಅದನ್ನೇ ನಂಬಿದ್ದ ಆರ್‌ಎ, ಲೂಪಸ್ ರೋಗಿಗಳು ಪರದಾಡಿದರು. ಲೆಬನಾನ್‌ನಲ್ಲಿ 2021ರಲ್ಲಿ ದುಡ್ಡಿನ ಬೆಲೆ ಕುಸಿದು ಔಷಧಿ ಅಂಗಡಿಗಳೇ ಬಾಗಿಲು ಹಾಕಿ ಮುಷ್ಕರ ಮಾಡಿದವು. ಸುಡಾನ್‌ನಲ್ಲಿ 2023ರ ಏಪ್ರಿಲ್‌ನಿಂದ ಯುದ್ಧ. ಇಂಥ ಜಾಗದಿಂದ ಬಂದ ರೋಗಿಗೆ "ಔಷಧಿ ತಪ್ಪಿಸಿದ್ದೀರಾ" ಅಂದರೆ ಹೌದು ಅನ್ನುತ್ತಾರೆ. ಆ ಹೌದನ್ನು ರೋಗಿಯ ತಪ್ಪು ಅಂತ ಬರೆದುಕೊಳ್ಳುವುದು ಅನ್ಯಾಯ. ಸಿಗಲಿಲ್ಲ ಅನ್ನುವುದಕ್ಕೆ ಬೇರೆಯೇ ಚೌಕ ಬೇಕು.

ಹುಬ್ಬಳ್ಳಿ_ಅಕ್ಕ

ಡಾಕ್ಟರ್ ಸರ್, ಇದನ್ನು ನೀವೇ ಹೇಳಿದ್ದು ಸಮಾಧಾನ ಆಯಿತು. ಬೈಸಿಕೊಳ್ಳುತ್ತೇವೆ ಅಂತಲೇ ನಾವು ಹೌದು ಹೌದು ಅನ್ನುವುದು.

ಕುಂದಾಪ್ರ_ಕುವೈತ್

ಎಲ್ಲರ ಮಾತು ಕೇಳಿ ಒಂದು ರೂಪಕ್ಕೆ ತಂದಿದ್ದೇನೆ, ತಪ್ಪಿದ್ದರೆ ಹೇಳಿ.

ಮುಖ್ಯ ಪಟ್ಟಿ ಅರಬಿಕ್ ಜಿಎಂಎಎಸ್, ಬಳಸುವ ಅನುಮತಿ ಮೊದಲೇ ಬರೆದು ಕೇಳುತ್ತೇನೆ. ಜೊತೆಗೆ ಬಿಎಂಕ್ಯು. ಸಿಕ್ಯುಆರ್ ಅರಬಿಕ್‌ನಲ್ಲಿ ಕೊಡುವುದಾದರೆ ನಮ್ಮ ರೋಗಿಗಳಲ್ಲೇ ಓದಿಸಿ ನೋಡಿದ ಮೇಲೆ ಮಾತ್ರ. ಪ್ರತಿ ಔಷಧಿಗೂ ಬೇರೆ ಸಾಲು: ಹೆಸರು, ಯಾವ ದಿನ, ಕಳೆದ ನಾಲ್ಕು ಡೋಸ್‌ಗಳಲ್ಲಿ ಎಷ್ಟು ಆಯಿತು, ಆಗದಿದ್ದರೆ ಮರೆತದ್ದಾ, ಬೇಡ ಅನ್ನಿಸಿದ್ದಾ, ಸಿಗಲಿಲ್ಲವಾ, ಕೊಳ್ಳಲು ಆಗಲಿಲ್ಲವಾ. ಫಾರ್ಮಸಿ ದಾಖಲೆ ಪಕ್ಕದಲ್ಲಿ. ಜೊತೆಗೆ ಬೇರೆ ಕಡೆಯಿಂದ ಔಷಧಿ ತಂದಿದ್ದೀರಾ ಅನ್ನುವ ಪ್ರಶ್ನೆ. ಕೇಳುವವರು ಡಾಕ್ಟರಲ್ಲ, ಕೇಳುವುದು ಬೇರೆ ಕೋಣೆಯಲ್ಲಿ, ಮೊದಲು ರೋಗಿ ಒಬ್ಬರೇ, ಆಮೇಲೆ ಮಾತ್ರೆ ಡಬ್ಬಿ ತುಂಬುವವರಿಗೆ ಫೋನ್, ಅದೂ ರೋಗಿ ಒಪ್ಪಿದರೆ.

ಮೇಷ್ಟ್ರೇ, ಶೇಕಡಾ 80 ಅನ್ನುವ ಗೆರೆ ವಾರದ ಔಷಧಿಗೆ ಹೊಂದುತ್ತದಾ?

ಲೆಕ್ಕದ_ಮೇಷ್ಟ್ರು

ಹೊಂದುವುದಿಲ್ಲ ಸರ್. 15 ಮಿಲಿಗ್ರಾಂ ಅಂದರೆ 2.5ರ ಆರು ಮಾತ್ರೆ ಒಂದೇ ದಿನ. ನಾಲ್ಕು ವಾರದಲ್ಲಿ ಒಂದು ವಾರ ಬಿಟ್ಟರೆ ನೇರ 75. ದಿನದ ಮಾತ್ರೆಯಲ್ಲಿ 28ರಲ್ಲಿ ಒಂದು ದಿನ ಬಿಟ್ಟವರಿಗೆ 96. ಇಬ್ಬರೂ ಒಂದೇ ಸಲ ಬಿಟ್ಟದ್ದು. ವಾರದ ಔಷಧಿಗೆ ಕನಿಷ್ಠ ಹನ್ನೆರಡು ವಾರದ ಲೆಕ್ಕ ನೋಡಿ, ನಾಲ್ಕು ವಾರ ಸಾಲದು. ಇಂಜೆಕ್ಷನ್ ಎರಡು ವಾರಕ್ಕೊಮ್ಮೆ ಆದರೆ ಮೂರು ತಿಂಗಳಲ್ಲಿ ಸುಮಾರು ಆರು, ಅಲ್ಲಿ ಶೇಕಡಾ ಬಿಟ್ಟು "ಆರರಲ್ಲಿ ಎಷ್ಟು" ಅಂತಲೇ ಬರೆಯಿರಿ.

ಹುಬ್ಬಳ್ಳಿ_ಅಕ್ಕ

ಒಂದು ಪ್ರಶ್ನೆ ಉಳಿಯಿತು. ಯಾರದ್ದೋ ಅಂಕ ಕಡಿಮೆ ಬಂತು, ಡಾಕ್ಟರಿಗೆ ಹೇಳುತ್ತೀರಾ?

ಕುಂದಾಪ್ರ_ಕುವೈತ್

ಅಂಕ ಮಾತ್ರ ಹೇಳುವುದಿಲ್ಲ ಅಕ್ಕ. ರೋಗಿ ಒಪ್ಪಿದರೆ ಕಾರಣ ಹೇಳುತ್ತೇನೆ. ವಾಂತಿ ಅಂದರೆ ಫೋಲಿಕ್ ಆಸಿಡ್ ಪ್ರಮಾಣ ಸರಿಹೊಂದಿಸಬಹುದು, ಮಾತ್ರೆ ಬದಲು ಚರ್ಮದ ಕೆಳಗಿನ ಇಂಜೆಕ್ಷನ್ ಕೊಡಬಹುದು. ದುಡ್ಡು ಅಂದರೆ ಅಗ್ಗದ ಕಂಪನಿ ಹುಡುಕಬಹುದು. ಮಗು ಬೇಕು ಅಂದರೆ ಔಷಧಿಯೇ ಬದಲಾಗಬೇಕು. ಆದರೆ ದಿನಾ ಮೆಥೊಟ್ರೆಕ್ಸೇಟ್ ನುಂಗುತ್ತಿದ್ದಾರೆ ಅಂತ ಗೊತ್ತಾದರೆ ಅಲ್ಲಿ ಕಾಯುವಂತಿಲ್ಲ, ಆ ಕ್ಷಣವೇ ಡಾಕ್ಟರ ಬಾಗಿಲು ತಟ್ಟುತ್ತೇನೆ. ಇದನ್ನು ಒಪ್ಪಿಗೆ ಪತ್ರದಲ್ಲೇ ಮೊದಲ ಸಾಲಿಗೆ ಬರೆದಿರುತ್ತೇನೆ.

ಬೆಂಗಳೂರು_ದುಭಾಷಿ

ಆ ಕಾರಣಗಳ ಚೌಕ ಇರುವ ಹಾಳೆಯನ್ನು ನನಗೆ ಕಳಿಸಿ ಅಣ್ಣ. ಇಲ್ಲಿಗೆ ಬರುವ ಯೆಮನ್, ಇರಾಕ್ ಜನರ ಮುಂದೆ ಓದಿ ನೋಡುತ್ತೇನೆ, ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಚೌಕಗಳು ಬಲದಿಂದ ಶುರುವಾಗಲಿ.